ಗೋಡೆಯ ತಂಪು ಡಬ್ಬಿಯಲ್ಲಿಲ್ಲ

ಯಳಂದೂರು ತಾಲ್ಲೂಕಿನಲ್ಲಿರುವ ನನ್ನ ತವರುಮನೆಗೆ ಎರಡು ವರ್ಷಗಳ ಹಿಂದೆ ಬಣ್ಣ ಬಳಿಸಿದರು. ಅಣ್ಣನ ಮಗನ ಮದುವೆ ನಿಶ್ಚಯವಾಗಿತ್ತು. ಬೆಂಗಳೂರಿನಲ್ಲಿ ನೌಕರಿ ಮಾಡುವ ಆತ ಊರಿಗೆ ಬರುವಾಗ ಬಣ್ಣದ ಕಂಪನಿಯ ಕಾರ್ಡೊಂದನ್ನು ಹಿಡಿದು ಬಂದಿದ್ದ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಆ ಕಾರ್ಡಿನಲ್ಲಿ ನೂರಾರು ಬಣ್ಣದ ಚೌಕಗಳು, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ಅವನು ಆರಿಸಿದ್ದು ನೀಲಿಯೆಂದರೆ ಹಸಿರಿನಂತೆ, ಹಸಿರೆಂದರೆ ನೀಲಿಯಂತೆ ಕಾಣುವ ಒಂದು ತಿಳಿಬಣ್ಣ. ಅದಕ್ಕೆ ಯಾವುದೋ ದೂರದೇಶದ ಕಡಲಿನ ಹೆಸರಿಟ್ಟಿದ್ದರು. ‘ಇದು ಕೂಲ್ ಕಲರ್ ಅತ್ತೆ, ಬೇಸಿಗೇಲಿ ರೂಮು ತಣ್ಣಗಿರುತ್ತೆ’ ಎಂದ. ಎಂಬತ್ತು ದಾಟಿರುವ ನನ್ನ ಅವ್ವ ಕನ್ನಡಕ ಸರಿಮಾಡಿಕೊಂಡು ಆ ಚೌಕವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ‘ಇದು ನಮ್ಮ ಹುಳಮನೆ ಬಣ್ಣ ಅಲ್ವೇನ್ಲಾ ಮಗಾ? ಇದ್ಕೆ ಕಾರ್ಡ್ ಯಾಕೆ ಬೇಕಾಗಿತ್ತು?’ ಎಂದು ಕೇಳಿದಳು.

ಅವ್ವನ ಮಾತು ನಿಜವಾಗಿತ್ತು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳೆಯ ಮನೆಗಳ ಒಳಕೋಣೆಗಳನ್ನು ಕಂಡವರಿಗೆ ಈ ಬಣ್ಣ ಹೊಸದಲ್ಲ. ಸುಣ್ಣದ ತಿಳಿಗೆ ಮೈಲುತುತ್ತದ ನೀರು ಬೆರೆಸಿ ಬಳಿದರೆ ಬರುವ ಬಣ್ಣವದು. ನಮ್ಮ ಮನೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಬಿದಿರಿನ ತಟ್ಟೆಗಳನ್ನು ಅಟ್ಟಣಿಗೆಯ ಮೇಲೆ ಒಂದರ ಮೇಲೊಂದು ಜೋಡಿಸಿ, ಹಗಲಿರುಳೆನ್ನದೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದ ಕೋಣೆ. ನಾಲ್ಕನೆಯ ಜ್ವರ ಎದ್ದ ಹುಳುಗಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಮಳೆ ಬಿದ್ದಂತೆ ಕೇಳುತ್ತಿತ್ತು. ಹುಳುಗಳು ಹಣ್ಣಾಗಿ ಚಂದ್ರಿಕೆಗೆ ಏರಿ, ಗೂಡು ಬಿಡಿಸಿ ಮಾರುಕಟ್ಟೆಗೆ ಹೋದ ಮೇಲೆ ಕೋಣೆಯನ್ನು ತೊಳೆದು, ವರ್ಷಕ್ಕೊಮ್ಮೆ ಯುಗಾದಿಯ ಮುಂಚೆ ಅದಕ್ಕೆ ಸುಣ್ಣ ಬಳಿಯುತ್ತಿದ್ದರು. ಹಜಾರಕ್ಕೆ ಬಿಳಿ ಸುಣ್ಣ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ಹುಳಮನೆಗೆ ಮಾತ್ರ ಮೈಲುತುತ್ತದ ಸುಣ್ಣ.

ಏಕೆ ಹಾಗೆ ಎಂದು ಕೇಳಿದರೆ ಅವ್ವನ ಬಳಿ ಒಂದೇ ಉತ್ತರವಿತ್ತು: ‘ಬೂಷ್ಟು ಹಿಡಿಯಲ್ಲ.’ ರೇಷ್ಮೆ ಬೆಳೆಗಾರರು ಅಂಜುವ ಸುಣ್ಣಕಟ್ಟು ರೋಗ ಶಿಲೀಂಧ್ರದಿಂದ ಬರುವಂಥದು. ಸತ್ತ ಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಡುಸಾಗುತ್ತದೆ. ಗೋಡೆಯ ಬಣ್ಣ ಆ ರೋಗವನ್ನು ತಡೆಯುತ್ತಿತ್ತೆಂದು ನಾನು ವಾದಿಸಲಾರೆ. ಆದರೆ ಆ ಗೋಡೆಗಳಿಗೆ ಬೂಷ್ಟು ಹಿಡಿಯದೆ ಇದ್ದುದನ್ನಂತೂ ಕಣ್ಣಾರೆ ಕಂಡಿದ್ದೇನೆ. ಅವ್ವನ ನಂಬಿಕೆಗೆ ಆಧಾರವಿಲ್ಲದೆಯೂ ಇರಲಿಲ್ಲ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಸುಣ್ಣ ಮತ್ತು ಮೈಲುತುತ್ತದ ನೀರು ಚಿಮುಕಿಸುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ತಗುಲದೇ ಇದ್ದುದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಆ ದ್ರಾವಣದ ಗುಣವನ್ನು ಲೋಕಕ್ಕೆ ತಿಳಿಸಿದರು. ಅದೇ ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಅದನ್ನೇ ಮದ್ದೆಂದು ತೋರಿಸಿಕೊಟ್ಟರು. ಮಲೆನಾಡಿನ ತೋಟಗಳಲ್ಲಿ ಇಂದಿಗೂ ಮಳೆಗಾಲದಲ್ಲಿ ಅಡಿಕೆ ಗೊನೆಗಳ ಮೇಲೆ ಕಾಣುವ ತಿಳಿನೀಲಿ ಲೇಪ ಮತ್ತು ನಮ್ಮ ಹುಳಮನೆಯ ಗೋಡೆಯ ಬಣ್ಣ, ಎರಡೂ ಒಂದೇ ವಸ್ತು.

ಈ ಬಣ್ಣದ ಹೆಸರಿನಲ್ಲೇ ಒಂದು ಸೊಗಸಿದೆ. ಸಂಸ್ಕೃತದಲ್ಲಿ ತಾಮ್ರದ ಈ ಲವಣಕ್ಕೆ ತುತ್ಥವೆಂದೂ ಮಯೂರತುತ್ಥವೆಂದೂ ಹೆಸರು. ಶಿಖಿಗ್ರೀವ, ಅಂದರೆ ನವಿಲಿನ ಕೊರಳು, ಎಂಬುದು ಇನ್ನೊಂದು ಹೆಸರು. ತಮಿಳಿನಲ್ಲಿ ನವಿಲಿಗೆ ಮಯಿಲ್ ಎನ್ನುತ್ತಾರೆ. 1956ರ ಏಕೀಕರಣದವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಯಳಂದೂರು, ಮಾದಪ್ಪನ ಬೆಟ್ಟದ ಬುಡದ ಹನೂರು, ಈ ಮೂರೂ ಕಡೆ ಎರಡು ಭಾಷೆಗಳ ಮಾತು ಬೆರೆತಿರುವುದರಿಂದ ಮೈಲುತುತ್ತದೊಳಗಿನ ನವಿಲು ಇಲ್ಲಿನವರ ಕಿವಿಗೆ ಬೇಗ ಕೇಳುತ್ತದೆ. ರೇಷ್ಮೆ ನೇಯುವವರಿಗೂ ನವಿಲುಕೊರಳಿನ ಬಣ್ಣ ಅಪರಿಚಿತವಲ್ಲ. ಹಾಸಿಗೆ ಒಂದು, ಹೊಕ್ಕಿಗೆ ಇನ್ನೊಂದು, ಹೀಗೆ ನೀಲಿ ಮತ್ತು ಹಸಿರು ಎಳೆಗಳನ್ನಿಟ್ಟು ನೇಯ್ದರೆ ಸೀರೆ ಅಲುಗಿದಂತೆಲ್ಲ ಬಣ್ಣ ಬದಲಾಗುತ್ತದೆ. ಕಂಪನಿಗಳು ಇಂದು ಕಡಲಾಚೆಯಿಂದ ತಂದಂತೆ ಮಾರುತ್ತಿರುವ ಬಣ್ಣ ನಮ್ಮ ಗೋಡೆಯಲ್ಲೂ ಇತ್ತು, ನಮ್ಮ ಸೀರೆಯಲ್ಲೂ ಇತ್ತು.

ಇಷ್ಟನ್ನು ಹೇಳಿ, ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂದು ಬೀಗುವುದು ನನ್ನ ಉದ್ದೇಶವಲ್ಲ. ಅಣ್ಣನ ಮನೆಯಲ್ಲಿ ಮುಂದೆ ನಡೆದದ್ದನ್ನು ಹೇಳಬೇಕಾಗಿದೆ. ಹಜಾರದ ಗೋಡೆಗಳನ್ನು ಹಿಂದೆಯೇ ಕೆಡವಿ ಇಟ್ಟಿಗೆ-ಸಿಮೆಂಟಿನಲ್ಲಿ ಕಟ್ಟಿಸಿದ್ದರು. ಅಲ್ಲಿ ಹೊಸ ಬಣ್ಣ ಚೆನ್ನಾಗಿಯೇ ಕೂತಿತು. ಹುಳು ಸಾಕುವುದು ನಿಂತ ಮೇಲೆ ಅವ್ವನ ಮಲಗುವ ಕೋಣೆಯಾಗಿದ್ದ ಹುಳಮನೆಯ ಗೋಡೆಗಳು ಮಾತ್ರ ಇನ್ನೂ ಮಣ್ಣಿನವೇ. ಅವಕ್ಕೂ ಪುಟ್ಟಿ ಮೆತ್ತಿ, ಉಜ್ಜಿ, ಎರಡು ಕೋಟು ಪ್ಲಾಸ್ಟಿಕ್ ಬಣ್ಣ ಬಳಿದರು. ಮದುವೆಗೆ ಬಂದವರೆಲ್ಲ ಹೊಗಳಿದರು. ಹಿಂಗಾರು ಮಳೆ ಹಿಡಿಯಿತು. ದೀಪಾವಳಿಗೆ ನಾನು ಹೋದಾಗ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಬೊಬ್ಬೆಗಳೆದ್ದಿದ್ದವು. ಬೆರಳಿನಿಂದ ಒತ್ತಿದರೆ ಒಳಗಿಂದ ನೀರು, ಉಪ್ಪಿನ ಪುಡಿ, ಮಣ್ಣು. ಕೋಣೆಯಲ್ಲಿ ಮುಗ್ಗಲು ವಾಸನೆ. ‘ಗೋಡೆ ಬೆವರ್ತಾ ಅದೆ ಕಣವ್ವ’ ಎಂದಳು ಅವ್ವ. ಮೊದಲೇ ಉಬ್ಬಸದ ದೇಹ. ಆ ಚಳಿಗಾಲವೆಲ್ಲ ಕೆಮ್ಮಿದಳು. ಬಣ್ಣದವನು ಗೋಡೆ ಸರಿಯಿಲ್ಲವೆಂದ. ಅಂಗಡಿಯವರು ಬಣ್ಣದವನಿಗೆ ಕೆಲಸ ಗೊತ್ತಿಲ್ಲವೆಂದರು.

ನನ್ನ ಮಟ್ಟಿಗೆ ಬಣ್ಣವೂ ಕೆಟ್ಟದ್ದಲ್ಲ, ಗೋಡೆಯೂ ಕೆಟ್ಟದ್ದಲ್ಲ. ಅವೆರಡರ ಜೋಡಿ ಕೂಡಿಬರಲಿಲ್ಲ, ಅಷ್ಟೆ. ಹಳೆಯ ಮಣ್ಣಿನ ಗೋಡೆಗೆ ಇಂದಿನ ಕಟ್ಟಡಗಳಂತೆ ಬುಡದಲ್ಲಿ ತೇವ ತಡೆಯುವ ಪದರವಿರುವುದಿಲ್ಲ. ನೆಲದ ನೀರು ಬತ್ತಿಯಲ್ಲಿ ಎಣ್ಣೆ ಏರುವಂತೆ ಗೋಡೆಯಲ್ಲಿ ಮೇಲೇರುತ್ತದೆ. ಸುಣ್ಣದ ಲೇಪ ಸಣ್ಣ ಸಣ್ಣ ರಂಧ್ರಗಳುಳ್ಳದ್ದು. ಏರಿದ ನೀರು ಅದರ ಮೂಲಕ ಆವಿಯಾಗಿ ಹೋಗುತ್ತದೆ. ಪ್ಲಾಸ್ಟಿಕ್ ಬಣ್ಣ ಅದೇ ಗೋಡೆಯ ಮೇಲೆ ತೆಳುವಾದ ಹಾಳೆಯಂತೆ ಕೂರುತ್ತದೆ. ನೀರು ಹೊರಬರಲಾರದೆ ಹಿಂದೆಯೇ ನಿಲ್ಲುತ್ತದೆ, ಅದರೊಡನೆ ಬಂದ ಉಪ್ಪು ಹರಳುಗಟ್ಟಿ ಬಣ್ಣವನ್ನು ದೂಡುತ್ತದೆ. ಗೋಡೆಯ ಮಣ್ಣು ಒಳಗೇ ಸಡಿಲಾಗುತ್ತದೆ. ಮೇಲ್ನೋಟಕ್ಕೆ ಇದು ಬಣ್ಣ ಏಳುವ ಸಣ್ಣ ತೊಂದರೆ. ಹತ್ತಾರು ಮಳೆಗಾಲ ಹೀಗೇ ಕಳೆದರೆ ಗೋಡೆಯೇ ಕೂರುವ ಅಪಾಯ. ನಮ್ಮ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮಣ್ಣಿನ ಗೋಡೆ, ನಾಡಹೆಂಚಿನ ಮನೆಗಳು ಇನ್ನೂ ಇವೆ. ಅವುಗಳ ಪೈಕಿ ಎಷ್ಟೋ ಮನೆಗಳು ಕಾರ್ಡು ನೋಡಿ ಆರಿಸಿದ ಬಣ್ಣವನ್ನು ಹೊದ್ದುಕೊಂಡು ಒಳಗೊಳಗೇ ನೆನೆಯುತ್ತಿವೆ.

ಇನ್ನು ‘ಕೂಲ್ ಕಲರ್’ ಎಂಬ ಮಾತು. ನೀಲಿ-ಹಸಿರು ಕಣ್ಣಿಗೆ ಹಿತವೆಂಬುದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹ್ಯಾರಿ ಶೆರ್ಮನ್ ಎಂಬ ಶಸ್ತ್ರವೈದ್ಯರು 1914ರಲ್ಲಿ ತಮ್ಮ ಶಸ್ತ್ರಚಿಕಿತ್ಸಾ ಕೊಠಡಿಯ ಬಿಳಿಗೋಡೆಗಳಿಗೆ ಹಸಿರು ಬಳಿಸಿದರು. ರಕ್ತದ ಕೆಂಪನ್ನೇ ದಿಟ್ಟಿಸಿ ದಣಿದ ಕಣ್ಣಿಗೆ ಹಸಿರು ವಿಶ್ರಾಂತಿ ನೀಡುತ್ತದೆಂಬುದು ಅವರ ಕಾರಣವಾಗಿತ್ತು. ಜಗತ್ತಿನ ಆಸ್ಪತ್ರೆಗಳ ಪರದೆ, ನಿಲುವಂಗಿಗಳು ಹಸಿರು-ನೀಲಿಯಾದ ಕಥೆ ಅಲ್ಲಿಂದ ಆರಂಭವಾಗುತ್ತದೆ. ಆದರೆ ಬಣ್ಣ ನೋಡಿದ ಮಾತ್ರಕ್ಕೆ ಮೈಗೆ ತಂಪೆನಿಸುತ್ತದೆಯೇ ಎಂಬುದನ್ನು ಮನಶ್ಶಾಸ್ತ್ರಜ್ಞರು ಸುಮಾರು ನೂರು ವರ್ಷಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಕೆಲವು ಪ್ರಯೋಗಗಳಲ್ಲಿ ಅತ್ಯಲ್ಪ ಪರಿಣಾಮ ಕಂಡಿದೆ, ಕೆಲವುಗಳಲ್ಲಿ ಏನೂ ಕಂಡಿಲ್ಲ. ಗಾಳಿಯ ಉಷ್ಣತೆಯನ್ನಂತೂ ಒಳಗೋಡೆಯ ಬಣ್ಣ ಇಳಿಸಲಾರದು. ಕೊಳ್ಳೇಗಾಲದ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಕಾದ ಆರ್‌ಸಿಸಿ ಛಾವಣಿಯ ಕೆಳಗೆ ಕುಳಿತವನಿಗೆ ಯಾವ ಕಡಲಿನ ಹೆಸರೂ ನೆರವಿಗೆ ಬಾರದು. ಹುಳಮನೆ ತಂಪಾಗಿದ್ದುದಕ್ಕೆ ದಪ್ಪ ಮಣ್ಣಿನ ಗೋಡೆ, ಗಾಳಿ ನುಸುಳುವ ಹೆಂಚು, ಎದುರುಬದುರಿನ ಕಿಂಡಿಗಳು ಮತ್ತು ತೇವವನ್ನು ಆವಿಯಾಗಲು ಬಿಡುವ ಸುಣ್ಣ ಕಾರಣವಾಗಿದ್ದವು. ಬಣ್ಣ ಆ ತಂಪಿನ ಗುರುತಾಗಿತ್ತು. ನಾವು ಗುರುತನ್ನು ಕೊಂಡು ತಂದು, ತಂಪನ್ನು ಹೊರಗಟ್ಟಿದೆವು.

ತಿಳಿಬಣ್ಣಕ್ಕೆ ನಮ್ಮ ಹಿರಿಯರು ಇನ್ನೊಂದು ಕೆಲಸವನ್ನೂ ವಹಿಸಿದ್ದರು. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾದರೂ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ. ಜಲಪಾತದ ಮಗ್ಗುಲಲ್ಲೇ ಇದ್ದ ಹಳ್ಳಿಗಳು ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಹಾಕಿದವು. ಕಿಂಡಿಯಂಥ ಕಿಟಕಿಯಿಂದ ಬರುವ ಬೆಳಕನ್ನಾಗಲಿ, ಬುಡ್ಡಿಯ ಬೆಳಕನ್ನಾಗಲಿ ಸುಣ್ಣದ ಗೋಡೆ ನುಂಗದೆ ಹಿಂದಕ್ಕೆ ಕೊಡುತ್ತಿತ್ತು. ಈಗಿನ ಬಿಳಿಯ ಎಲ್‌ಇಡಿ ಬೆಳಕಿನಲ್ಲಿ ಅದೇ ನೀಲಿ-ಹಸಿರು ಆಸ್ಪತ್ರೆಯ ವಾರ್ಡಿನಂತೆ ಕಾಣಬಹುದು. ಹಳದಿ ಬೆಳಕಿನಲ್ಲಿ ಪಾಚಿಗಟ್ಟಿದಂತೆ ಕಾಣಬಹುದು. ಬೆರಳಗಲದ ಚೌಕ ನೋಡಿ ಮನೆಯನ್ನೆಲ್ಲ ಬಳಿಸುವ ಮೊದಲು, ಗೋಡೆಯ ಮೇಲೆಯೇ ಒಂದು ಮೊಳ ಬಳಿದು, ಬೆಳಿಗ್ಗೆ, ನಡುಹಗಲು, ರಾತ್ರಿ ಮೂರು ಹೊತ್ತೂ ನೋಡುವುದು ಲೇಸು.

ಹಳೆಯದೆಲ್ಲ ನಿರಪಾಯಕಾರಿ, ಹೊಸದೆಲ್ಲ ವಿಷ ಎಂಬ ವಾದವೂ ನಿಲ್ಲುವುದಿಲ್ಲ. ಇಂದಿನ ಡಬ್ಬಿಗಳ ನೀಲಿ-ಹಸಿರು ಬಣ್ಣಗಳ ಬಹುಪಾಲಿನ ಹಿಂದೆ ಥಾಲೋಸಯನಿನ್ ಎಂಬ ವರ್ಣದ್ರವ್ಯವಿದೆ. ಅದರ ನಡುವೆ ಕುಳಿತಿರುವುದೂ ತಾಮ್ರವೇ. ಇತ್ತ ಮೈಲುತುತ್ತ ಹೊಟ್ಟೆಗೆ ಹೋದರೆ ಪ್ರಾಣಕ್ಕೆ ಅಪಾಯ; ಅದನ್ನು ನೆನೆಹಾಕಿದ ಮಡಕೆಯ ಬಳಿ ನಮ್ಮನ್ನು ಅವ್ವ ಸುಳಿಯಗೊಡುತ್ತಿರಲಿಲ್ಲ. ಕುದಿಯುವ ಸುಣ್ಣ ಸಿಡಿದು ಕಣ್ಣು ಕಳೆದುಕೊಂಡವರಿದ್ದಾರೆ. ಯೂರೋಪಿನಲ್ಲಿ 1775ರಲ್ಲಿ ಷೀಲೆ ಎಂಬ ರಸಾಯನಶಾಸ್ತ್ರಜ್ಞ ತಾಮ್ರಕ್ಕೆ ಆರ್ಸೆನಿಕ್ ಬೆರೆಸಿ ತಯಾರಿಸಿದ ಹಸಿರು ಹತ್ತೊಂಬತ್ತನೆಯ ಶತಮಾನದ ಮನೆಗಳ ಗೋಡೆಕಾಗದಗಳಲ್ಲೆಲ್ಲ ಹರಡಿ ಜನರನ್ನು ಕಾಯಿಲೆಗೆ ತಳ್ಳಿದ ಇತಿಹಾಸವೂ ಇದೆ. ನಮ್ಮ ಹಳೆಯ ಮನೆಗಳ ಬಾಗಿಲು, ಕಿಟಕಿಗಳ ಹಸಿರು ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗ ಮೀರಕೂಡದೆಂದು ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ; ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ತೆಗೆದರೆ ಆ ಧೂಳು ಮಕ್ಕಳ ಬಾಯಿ ಸೇರುತ್ತದೆ. ಒದ್ದೆ ಮಾಡಿ ಕೆರೆಯಬೇಕು, ಆ ದಿನ ಮಕ್ಕಳನ್ನೂ ಬಸುರಿಯರನ್ನೂ ಮನೆಯಲ್ಲಿರಿಸಬಾರದು. ಈ ಎಚ್ಚರಿಕೆಯ ಮಾತನ್ನು ಹಳ್ಳಿಯ ಬಣ್ಣದ ಅಂಗಡಿಗಳಲ್ಲಿ ಯಾರೂ ಹೇಳುತ್ತಿಲ್ಲ.

ಸುಣ್ಣವನ್ನು ಜನ ಏಕೆ ಬಿಟ್ಟರೆಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಅದು ಒರಗಿದವರ ಬೆನ್ನಿಗೆ ಹತ್ತುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವಂತಿಲ್ಲ. ವರ್ಷ ವರ್ಷ ಬಳಿಯಬೇಕು. ಆ ಕೆಲಸ ಬೀಳುತ್ತಿದ್ದುದು ಮನೆಯ ಹೆಂಗಸರ ಮತ್ತು ಕೂಲಿಯವರ ಮೈಮೇಲೆ. ಹಬ್ಬದ ಹಿಂದಿನ ವಾರ ಅವ್ವನ ಬೆರಳ ಸಂದಿಗಳು ಸುಣ್ಣಕ್ಕೆ ಬೆಂದು ಬಿರಿದಿರುತ್ತಿದ್ದವು. ನಗರದಲ್ಲಿ ಕುಳಿತ ನನ್ನಂಥವಳು ಸುಣ್ಣದ ಸೊಬಗನ್ನು ಹಾಡಿ ಹೊಗಳುವುದು ಸುಲಭ. ಊರಿನೊಳಗಿನ ಮನೆಗಳಿಗೆ ಬಣ್ಣವಿದ್ದ ಕಾಲದಲ್ಲಿ ಊರಾಚೆಯ ಕೇರಿಗಳ ಗೋಡೆಗಳಿಗೆ ಮಣ್ಣು, ಸಗಣಿಯ ಸಾರಣೆಯಷ್ಟೇ ಇತ್ತೆಂಬುದನ್ನೂ ಮರೆಯಲಾಗದು. ಇಂದು ಆ ಕೇರಿಗಳಲ್ಲಿ ಅಂಬೇಡ್ಕರ್ ಅವರ ಭಾವಚಿತ್ರದ ಸುತ್ತ ನೀಲಿ ಗೋಡೆಗಳು ಎದ್ದು ಕಾಣುತ್ತವೆ. ಆ ನೀಲಿ ಯಾವ ಕಂಪನಿಯ ಕಾರ್ಡಿನಿಂದಲೂ ಬಂದದ್ದಲ್ಲ. ತನ್ನ ಮನೆಗೆ ತನಗಿಷ್ಟವಾದ ಬಣ್ಣ ಬಳಿಯುವುದು ಒಬ್ಬರಿಗೆ ಶೋಕಿಯಾದರೆ ಮತ್ತೊಬ್ಬರಿಗೆ ಘನತೆಯ ಪ್ರಶ್ನೆ. ಆದ್ದರಿಂದ ಹಳ್ಳಿಗರು ಪ್ಲಾಸ್ಟಿಕ್ ಬಣ್ಣ ಬಳಿಯಬಾರದೆಂದು ಉಪದೇಶಿಸುವ ಅಧಿಕಾರ ನನಗಿಲ್ಲ.

ಆದರೆ ಸರ್ಕಾರವನ್ನು ಕೇಳುವ ಅಧಿಕಾರ ಇದೆ. ಆಶ್ರಯ, ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಎಂಬ ನಾನಾ ಹೆಸರುಗಳಲ್ಲಿ ಬಡವರಿಗೆ ಮನೆಗಳು ದೊರೆತಿವೆ. ಅದು ಸಣ್ಣ ಸಾಧನೆಯಲ್ಲ. ಆದರೆ ತಗ್ಗಾದ ಛಾವಣಿ, ತೆಳು ಗೋಡೆ, ಒಂದೇ ಕಿಟಕಿಯ ಈ ಮನೆಗಳು ಬೇಸಿಗೆಯಲ್ಲಿ ಒಲೆಯಂತಾಗುತ್ತವೆ. ಹನೂರಿನ ಒಣಸೀಮೆಯಲ್ಲಿ ಮಾರ್ಚ್ ಬಂದರೆ ಮನೆಯೊಡೆಯರು ಹಗಲೆಲ್ಲ ಮರದಡಿ ಕಾಲ ಕಳೆಯುತ್ತಾರೆ. ತಂಪು ನಿಜವಾಗಿಯೂ ಬೇಕಿರುವುದು ಇವರಿಗೆ. ಒಳಗೋಡೆಯ ಬಣ್ಣ ಮಾಡಲಾಗದ ಕೆಲಸವನ್ನು ಛಾವಣಿಯ ಮೇಲಿನ ಬಿಳಿಸುಣ್ಣ ಮಾಡಬಲ್ಲದು; ಬಿಸಿಲಿನ ಬಹುಪಾಲನ್ನು ಅದು ಹಿಂದಕ್ಕೆ ಕಳಿಸುತ್ತದೆ. ಅಹಮದಾಬಾದ್ ನಗರ 2017ರಿಂದ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಯುವ ಕೆಲಸ ಕೈಗೊಂಡಿತು. ನೆರೆಯ ತೆಲಂಗಾಣ ಇದಕ್ಕೆಂದೇ 2023ರಲ್ಲಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಕರ್ನಾಟಕವೂ ವಸತಿ ಯೋಜನೆಯ ಪ್ರತಿ ಮನೆಗೆ ಬೇಸಿಗೆಯ ಮುನ್ನ ಛಾವಣಿಗೆ ಸುಣ್ಣ ಬಳಿಯುವ ವೆಚ್ಚವನ್ನು ಸೇರಿಸಲಿ. ಆ ಕೆಲಸಕ್ಕೆ ಗ್ರಾಮ ಪಂಚಾಯಿತಿಯ ಮಟ್ಟದಲ್ಲೇ ಕೂಲಿ ದೊರೆಯಲಿ, ಕೆಲಸ ಮಾಡುವವರಿಗೆ ಕೈಗವಸು, ಕನ್ನಡಕ ಕೊಡಲಿ. ಮಣ್ಣಿನ ಗೋಡೆಯ ಮನೆಗಳ ದುರಸ್ತಿಗೆ ನೆರವು ನೀಡುವಾಗ ಸುಣ್ಣದ ಲೇಪಕ್ಕೂ ಅಂದಾಜುಪಟ್ಟಿಯಲ್ಲಿ ಜಾಗವಿರಲಿ. ಮಣ್ಣಿನ ಗೋಡೆಯನ್ನು ಕೆಡವಿದರೆ ಮಾತ್ರ ಹಣ ಎಂಬ ಧೋರಣೆ ಬಡವನ ಕೈಯಲ್ಲಿರುವ ತಂಪನ್ನೇ ಕಿತ್ತುಕೊಳ್ಳುತ್ತದೆ.

ಬಣ್ಣದ ಕಂಪನಿಗಳಿಗೂ ಒಂದು ಮಾತು ಹೇಳಬೇಕು. ತಮ್ಮ ಕಾರ್ಡಿನಲ್ಲಿ ಯಾವ ಬಣ್ಣ ಮಲಗುವ ಕೋಣೆಗೆ, ಯಾವುದು ಹಜಾರಕ್ಕೆ ಎಂದು ಬರೆಯುವವರು, ಯಾವ ಲೇಪ ಯಾವ ಗೋಡೆಗೆ ಸಲ್ಲದು ಎಂಬುದನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಒಂದು ಸಾಲು ಸಾಕು. ಆ ಒಂದು ಸಾಲು ಇದ್ದಿದ್ದರೆ ಅವ್ವನ ಕೋಣೆಗೆ ಅಂಥ ಗತಿ ಬರುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಣ್ಣ ಆ ಕೋಣೆಯ ಪ್ಲಾಸ್ಟಿಕ್ ಬಣ್ಣವನ್ನೂ ಪುಟ್ಟಿಯನ್ನೂ ಪೂರ್ತಿ ಕೆರೆಸಿದ. ಗೋಡೆ ಒಣಗಲು ಎರಡು ತಿಂಗಳು ಬಿಟ್ಟರು. ಸಡಿಲಾದ ಕಡೆ ಮಣ್ಣು ಮೆತ್ತಿ, ಸುಣ್ಣ ತಂದು ನೆನೆಹಾಕಿದರು. ಮೈಲುತುತ್ತ ಕೃಷಿ ಔಷಧಿಯ ಅಂಗಡಿಯಲ್ಲಿ ಸಿಕ್ಕಿತು. ಎಷ್ಟಕ್ಕೆ ಎಷ್ಟು ಬೆರೆಸಬೇಕೆಂಬುದು ಊರಿನ ಬಣ್ಣದವರಿಗೆ ಮರೆತುಹೋಗಿತ್ತು. ಅವ್ವ ಜಗಲಿಯ ಮೇಲೆ ಕುಳಿತೇ ಹೇಳಿಕೊಟ್ಟಳು: ಕಬ್ಬಿಣದ ಬಕೆಟ್ಟಿನಲ್ಲಿ ಕಲಸಬಾರದು, ತಾಮ್ರ ಅದಕ್ಕೆ ಹಿಡಿದುಕೊಳ್ಳುತ್ತದೆ, ಸುಣ್ಣದ ತಿಳಿ ಪೂರ್ತಿ ಆರಿದ ಮೇಲೆಯೇ ತುತ್ತದ ನೀರು ಹೊಯ್ಯಬೇಕು, ಹಸಿಯಿದ್ದಾಗ ಕಾಣುವ ಬಣ್ಣ ನೋಡಿ ಹೆದರಬಾರದು, ಒಣಗಿದ ಮೇಲೆ ತಿಳಿಯಾಗುತ್ತದೆ. ಅಣ್ಣನ ಮಗ ಫೋನಿನಲ್ಲಿ ಅದನ್ನೆಲ್ಲ ಚಿತ್ರೀಕರಿಸಿಕೊಂಡ. ಹಜಾರದ ಸಿಮೆಂಟು ಗೋಡೆಯ ಮೇಲೆ ಅವನು ಆರಿಸಿದ ಬಣ್ಣ ಹಾಗೆಯೇ ಇದೆ, ಇರಲಿ. ಈಗ ಹಜಾರದಿಂದ ಹುಳಮನೆಗೆ ಹೋಗುವಾಗ ಕಣ್ಣಿಗೆ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ. ಗೋಡೆಗೆ ಕೈಯಿಟ್ಟರೆ ತಿಳಿಯುತ್ತದೆ.

ಈ ಹಿಂಗಾರಿನಲ್ಲಿ ಮಳೆ ಚೆನ್ನಾಗಿಯೇ ಸುರಿಯಿತು. ಹಬ್ಬಕ್ಕೆ ಹೋದಾಗ ಮೊದಲು ಗೋಡೆಯ ಬುಡವನ್ನೇ ನೋಡಿದೆ. ಅಲ್ಲಲ್ಲಿ ತೇವದ ಕಲೆಯಿತ್ತು, ಬೊಬ್ಬೆಯಿರಲಿಲ್ಲ. ನಾಲ್ಕು ದಿನದ ಬಿಸಿಲಿಗೆ ಕಲೆಯೂ ಆರಿತು. ಗೋಡೆಗೆ ಒರಗಿ ಕುಳಿತೆದ್ದ ನನ್ನ ಸೀರೆಯ ಬೆನ್ನಿಗೆ ಸುಣ್ಣ ಹತ್ತಿತ್ತು. ಅವ್ವ ಅದನ್ನು ಕೈಯಿಂದ ಕೊಡವಿ, ‘ಇಷ್ಟು ಹತ್ತದೆ ಇದ್ದರೆ ಅದು ಸುಣ್ಣ ಹೆಂಗಾದದು?’ ಎಂದು ನಕ್ಕಳು.